ಯಲಹಂಕದ ಟ್ರೈನಿಂಗ್: ಅಷ್ಟೊಂದು ಓದೋಕೆ ಏನಿರುತ್ತೆ?

ಹಾಸನದ ಅಕ್ಕ: ನನ್ನ ತಮ್ಮ, ವಾಯುಪಡೆಯ ಸಾರಿಗೆ ವಿಮಾನದ ಟ್ರೈನಿಂಗಿಗೆ ಯಲಹಂಕಕ್ಕೆ ಬಂದಿದ್ದಾನೆ. ಫೋನ್ ಮಾಡಿದರೆ ಬರೀ ಓದು ಅಂತಾನೆ. ಹಾರೋದು ಬಿಟ್ಟು ಏನು ಓದ್ತಾರೆ?

ಹಳೇ ಪೈಲಟ್: ತುಂಬಾ ಇರುತ್ತಮ್ಮ. ಇಂಧನ, ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಭಾಗಗಳನ್ನ ಆಡಿಸೋ ವ್ಯವಸ್ಥೆ), ಸರಕಿನ ತೂಕ ಎಲ್ಲಿ ಕೂರಬೇಕು ಅನ್ನೋ ಲೆಕ್ಕ. ಆಮೇಲೆ ಸಿಮ್ಯುಲೇಟರ್, ಅಂದ್ರೆ ನೆಲದ ಮೇಲೇ ಹಾರಾಟದ ಅಭ್ಯಾಸ ಮಾಡಿಸೋ ಯಂತ್ರ, ಅಲ್ಲೇ ನಿಜವಾದ ಪರೀಕ್ಷೆ. ಡಾರ್ನಿಯರ್ 228, ಎಎನ್-32 ಅನ್ನೋ ಸಾರಿಗೆ ವಿಮಾನಗಳಿಗೆ ಎರಡೆರಡು ಎಂಜಿನ್. ಟೇಕಾಫ್ ಆದ ಕೂಡಲೇ ಎಡಗಡೆಯದು ನಿಂತರೆ ವಿಮಾನದ ಮೂತಿ ಎಡಕ್ಕೆ ಎಳೆಯುತ್ತೆ. ಬಲಗಾಲಲ್ಲಿ ರಡ್ಡರ್, ಅಂದ್ರೆ ಬಾಲದ ಚುಕ್ಕಾಣಿಯ ಪೆಡಲ್, ಒತ್ತಿ ಹಿಡಿಯಬೇಕು. ಸುಮ್ಮನಿರೋ ಕಾಲಿನ ಕಡೆಯ ಎಂಜಿನ್ನೇ ಕೆಟ್ಟಿರೋದು. ಖಚಿತ ಮಾಡಿಕೊಂಡೇ ಅದನ್ನ ಆರಿಸಬೇಕು. ಅವಸರದಲ್ಲಿ ಒಳ್ಳೇದನ್ನ ಆರಿಸಿದರೆ ಮುಗೀತು.

ಹಾಸನದ ಅಕ್ಕ: ಇಷ್ಟನ್ನೂ ಒಬ್ಬನೇ ಮಾಡಬೇಕಾ ಸರ್?

ಹಳೇ ಪೈಲಟ್: ಇಲ್ಲಮ್ಮ. ಒಬ್ಬರು ಹಾರಿಸ್ತಾರೆ, ಇನ್ನೊಬ್ಬರು ಚೆಕ್‌ಲಿಸ್ಟ್ ಜೋರಾಗಿ ಓದ್ತಾರೆ. ರಾತ್ರಿ ಹೊತ್ತು ಫೋನ್ ಮಾಡಬೇಡಿ, ಅವನು ನಿದ್ದೆ ಮಾಡಲಿ.