ಕಾರ್-ಟಿ ಆದ ಮ್ಯಾಲ ಊರಾಗ ಯಾವ ತಪಾಸಣಿ ಮಾಡಸ್ತೀರಿ?

ಜಮಖಂಡಿ: ತಂಗಿಗೆ ಬಿ-ಸೆಲ್ ಲಿಂಫೋಮಾಕ್ಕ (ಬಿಳಿ ರಕ್ತಕಣದ ಒಂದು ಕ್ಯಾನ್ಸರ್) ಮುಂಬೈದಾಗ ಕಾರ್-ಟಿ (ರೋಗಿಯ ಟಿ-ಸೆಲ್ಲಿಗೆ ಹೊಸಾ ಜೀನ್ ಸೇರಿಸಿ ಕ್ಯಾನ್ಸರ್ ಮ್ಯಾಲ ಬಿಡೂ ಚಿಕಿತ್ಸಾ) ಆಗಿ 4 ತಿಂಗಳಾತು. ಸ್ಕ್ಯಾನ್ ಕ್ಲೀನ್ ಐತಿ. 15 ವರ್ಷ ಫಾಲೋಅಪ್ ಅಂದಾರ. ಬಾಗಲಕೋಟದಾಗ ಏನೇನ ಮಾಡಿಸಿದ್ರ ನಡೀತೈತಿ? ಅನುಭವ ಇದ್ದವ್ರು ಹೇಳ್ರಿ.

ಗೋಕಾಕ: ಸಿಬಿಸಿ (ರಕ್ತಕಣಗಳ ಎಣಿಕಿ), ಐಜಿಜಿ (ಸೋಂಕು ತಡಿಯೂ ಆ್ಯಂಟಿಬಾಡಿ ಎಷ್ಟೈತಿ ಅಂತ), ಸಿಡಿ4 (ಒಂದು ಬಗಿಯ ಟಿ-ಸೆಲ್ ಎಣಿಕಿ). ಸಿಡಿ4 ರಕ್ತ ಇಡಿಟಿಎ (ರಕ್ತ ಹೆಪ್ಪುಗಟ್ಟದಂಗ ಮಾಡೂ) ಟ್ಯೂಬಿನಾಗ ತಗೊಂಡು, ಫ್ರಿಜ್ಜಿನಾಗ ಇಡದ ಅವತ್ತ ಕಳಸ್ಬೇಕು. ಶನಿವಾರ ಸಂಜಿಗೆ ಕೊಟ್ರ ಸೋಮವಾರದ ತನಕ ಸೆಲ್ ಸಾಯ್ತಾವು, ರಿಪೋರ್ಟ್ ನಂಬಾಕ ಬರೂದಿಲ್ಲ. 6 ತಿಂಗಳಾತು ಅಂತ ಕೋಟ್ರಿಮಾಕ್ಸಜೋಲ್ (ಸೋಂಕು ತಡಿಯೂ ಗುಳಗಿ) ಬಿಡಬ್ಯಾಡ್ರಿ. ಸಿಡಿ4 200 ದಾಟಬೇಕು, ಡಾಕ್ಟರೂ ಹೂಂ ಅನಬೇಕು.

ವಿಜಯಪುರ: ಐವಿಐಜಿ (ದಾನಿಗಳ ರಕ್ತದಿಂದ ತಗದ ಆ್ಯಂಟಿಬಾಡಿ, ನರಕ್ಕ ಹಾಕೂದು) ಬಗ್ಗೆ ಯಾರೂ ಹೇಳವಲ್ರಿ! ಕಾರ್-ಟಿ ಒಳ್ಳೆ ಬಿ-ಸೆಲ್ಲನ್ನೂ ತಿಂತೈತಿ, ಐಜಿಜಿ ಇಳೀತೈತಿ. ಕೆ.ಜಿ.ಗೆ 0.4 ಗ್ರಾಂ, 4 ವಾರಕ್ಕೊಮ್ಮೆ. 60 ಕೆ.ಜಿ. ಮನಷ್ಯಾಗ 24 ಗ್ರಾಂ, ಅಂದ್ರ 5 ಗ್ರಾಮಿನ 5 ಬಾಟ್ಲಿ. ಅದರ ಮ್ಯಾಲ ಬೆಡ್ಡು, ಡ್ರಿಪ್ ಸೆಟ್ಟು, ಪ್ಯಾರಾಸಿಟಮಾಲ್, ಅವಿಲ್ (ಅಲರ್ಜಿ ಔಷಧ) ಬೇಕು. ಮೊದಲ ಅರ್ಧ ತಾಸು ತಾಸಿಗೆ 30 ಎಂ.ಎಲ್. ದಾಟಬಾರದು. ನರ್ಸ್ ಅವಸರಾ ಮಾಡಿದ್ರ ತಲಿನೋವು, ಚಳಿ ಹಿಡೀತೈತಿ. ನಾವು ಒಂದ ತಿಂಗಳೂ ತಪ್ಪಿಸಿಲ್ಲ.

ಬೈಲಹೊಂಗಲ: ಎಲ್ಲಾರಿಗೂ ತಿಂಗಳಾ ತಿಂಗಳಾ ಯಾಕ್ರಿ? ದೊಡ್ಡವ್ರಿಗೆ ಐವಿಐಜಿ ಹಾಕಬೇಕಂದ್ರ ಐಜಿಜಿ 400ಕ್ಕಿಂತ ಕಡಿಮಿ ಇರಬೇಕು, ಜೊತಿಗೆ ಸೋಂಕು ಮ್ಯಾಲಿಂದ ಮ್ಯಾಲ ಬರ್ತಿರಬೇಕು. ಹಾಕಿಸೂ ಮುಂಚೆ ಹೆಪಟೈಟಿಸ್-ಬಿ ಆ್ಯಂಟಿ-ಕೋರ್ (ಹಿಂದ ಆ ಸೋಂಕು ಆಗಿತ್ತೇನು ಅಂತ ತೋರಿಸೂ ರಕ್ತ ಪರೀಕ್ಷೆ) ನೋಡ್ರಿ. ಐವಿಐಜಿ ಹೋದ ಮ್ಯಾಲ ದಾನಿಗಳ ಆ್ಯಂಟಿಬಾಡಿಯಿಂದ ಅದು ಸುಳ್ಳ ಪಾಸಿಟಿವ್ ಬರಬಹುದು.

ವಿಜಯಪುರ: ನ್ಯುಮೋನಿಯಾ ಆಗಿ ಐಸಿಯುಕ್ಕ ಹೋದ ಮ್ಯಾಲ ಹಾಕಸ್ಬೇಕೇನ? ಬಿಲ್ ನೀವು ಕಟ್ತೀರಿ?

ಬೈಲಹೊಂಗಲ: ಹಂಗ ನಾ ಎಲ್ಲಿ ಅಂದ್ನಿ? ತಂಗಿಯ ಐಜಿಜಿ ಎಷ್ಟದ ಅಂತ ಕೇಳದ 5 ಬಾಟ್ಲಿ ಲೆಕ್ಕಾ ಕೊಡಬ್ಯಾಡ್ರಿ ಅಂದೆ.

ಇಂಡಿ: ಇಬ್ರೂ ಸುಮ್ನಿರ್ರಿ. ಫಾಲೋಅಪ್ 15 ವರ್ಷ ಯಾಕಂದ್ರ ವೆಕ್ಟರ್ (ಹೊಸಾ ಜೀನ್ ಒಳಗ ಒಯ್ಯೂ ವೈರಸ್) ಟಿ-ಸೆಲ್ಲಿನ ಡಿಎನ್‌ಎದಾಗ ಸೇರ್ಕೊಂಡಿರ್ತೈತಿ. ಅದರಿಂದ ಟಿ-ಸೆಲ್ಲಿಗೇ ಕ್ಯಾನ್ಸರ್ ಬರಬಹುದೇನು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ನವೆಂಬರ್‌ದಾಗ ತನಿಖಿ ಸುರು ಮಾಡ್ತು, 2024ರಾಗ ಲೇಬಲ್ಲಿಗೆ ಎಚ್ಚರಿಕಿ ಹಾಕಿಸ್ತು. ಅದು ಅಪರೂಪ. ಹಳೇ ಕೀಮೋದಿಂದ ಬರೂ ಎಂಡಿಎಸ್ (ಮಜ್ಜೆ ರಕ್ತಕಣ ಸರಿಯಾಗಿ ಮಾಡದ ರೋಗ) ಕಡೆ ಹೆಚ್ಚ ಗಮನ ಇಡ್ರಿ: ಪ್ಲೇಟ್ಲೆಟ್ ಏರಿ ಮತ್ತ ಇಳೀತಂದ್ರ, ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಏರತಾ ಹೋತಂದ್ರ ಬೋನ್‌ಮ್ಯಾರೋ ನೋಡಿಸ್ರಿ. ಹೊಸಾ ಗಂಟು ಬಂದ್ರ ಬಯಾಪ್ಸಿ ಬ್ಲಾಕ್ (ಮೇಣದಾಗ ಇಟ್ಟ ಗಂಟಿನ ತುಣುಕು) ಲ್ಯಾಬಿನಾಗ ಬಿಡಬ್ಯಾಡ್ರಿ. ಅದರಾಗ ಕಾರ್ ಜೀನ್ (ಟಿ-ಸೆಲ್ಲಿಗೆ ಸೇರಿಸಿದ ಆ ಹೊಸಾ ಜೀನ್) ಐತೇನು ಅಂತ ನೋಡಬೇಕಾಗ್ತೈತಿ, ಅದು ಮುಂಬೈ ಆಸ್ಪತ್ರಿ ಮುಖಾಂತರನ. ಇನ್ನೊಂದು: ಲೆಂಟಿವೈರಸ್ (ಎಚ್‌ಐವಿ ಜಾತಿಯ ವೈರಸ್) ವೆಕ್ಟರ್ ಇದ್ರ ಎಚ್‌ಐವಿ ನ್ಯಾಟ್ (ವೈರಸ್ಸಿನ ಜೀನ್ ಹುಡುಕೂ) ಟೆಸ್ಟ್ ಸುಳ್ಳ ಪಾಸಿಟಿವ್ ತೋರಿಸಬಹುದು. ಕಾರ್-ಟಿ ಕಾರ್ಡ್ ಪರ್ಸಿನಾಗ ಇರ್ಲಿ. ರಕ್ತದಾನ ಅಂತೂ ಬ್ಯಾಡ.

ಗೋಕಾಕ: ವಿಜಯಪುರದವ್ರ, ಬ್ಯಾಸಿಗ್ಯಾಗ ಐವಿಐಜಿ ಬಾಟ್ಲಿ ಹೆಂಗ ತರಸ್ತೀರಿ?

ವಿಜಯಪುರ: ಥರ್ಮಾಕೋಲ್ ಡಬ್ಬಿ, ಬರ್ಫ್.

ಗೋಕಾಕ: ಬಾಟ್ಲಿಗೆ ಬರ್ಫ್ ತಾಗಿ ಹೆಪ್ಪುಗಟ್ಟಿದ್ರ ಅದನ್ನ ಚೆಲ್ಲಬೇಕ್ರಿ! 2ರಿಂದ 8 ಡಿಗ್ರಿ. ನಡುವ ದಪ್ಪ ರಟ್ಟು ಹಾಕ್ರಿ, ಥರ್ಮಾಮೀಟರ್ ಇಡ್ರಿ.

ವಿಜಯಪುರ: ರಟ್ಟು ಹಾಕೇ ತರಸ್ತೀವ್ರಿ, ನಮಗ ಕಲಿಸಬ್ಯಾಡ್ರಿ.

ಜಮಖಂಡಿ: ತಂಗಿಯ ಐಜಿಜಿ 520. ಫ್ಲೂ ಲಸಿಕಿ ಹಾಕಿಸಬಹುದಾ?

ಬೈಲಹೊಂಗಲ: ಅಂದ್ರ ಸದ್ಯ ಐವಿಐಜಿ ಬ್ಯಾಡ, ನೋಡ್ರಿ! ಫ್ಲೂದ್ದು ಸತ್ತ ವೈರಸ್ಸಿನ ಸೂಜಿ ನಡೀತೈತಿ, ಡಾಕ್ಟರಿಗೆ ಕೇಳಿ ಹಾಕಸ್ರಿ. ಜೀವಂತ ಲಸಿಕಿ ವರ್ಷದೊಳಗ ಮುಟ್ಟಬ್ಯಾಡ್ರಿ.