ಪದ ಬೇಕು: ‘ಸೈಟೇಶನ್’ ಮತ್ತು ಅದರ ಬಳಗ (ಫ್ಲೆಕ್ಸ್ ನಾಳೆ ಪ್ರಿಂಟಿಗೆ)

ಬಳ್ಳಾರಿಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪ್ರಬಂಧವನ್ನು ಇನ್ನೊಂದು ಪ್ರಬಂಧ ಹೆಸರಿಸುವುದಕ್ಕೆ ಇಂಗ್ಲಿಷಿನಲ್ಲಿ ಸೈಟೇಶನ್ ಅನ್ನುತ್ತಾರೆ, ಅದಕ್ಕೆ ಕನ್ನಡ ಪದ ಬೇಕು. ಮಣ್ಣುವಿಜ್ಞಾನಿಯೊಬ್ಬರ ಸಂಶೋಧನೆ ಎಲ್ಲೆಲ್ಲಿ ಮುಟ್ಟಿದೆ ಎಂದು ತೋರಿಸುವ 6x4 ಅಡಿ ಫ್ಲೆಕ್ಸ್ ಗ್ರಂಥಾಲಯದ ಗೋಡೆಗೆ ಹೋಗಬೇಕು. ಪ್ರಬಂಧಗಳ ನಂಟನ್ನು ನಕ್ಷೆಯಾಗಿಸುವ ವಾಸ್‌ವ್ಯೂವರ್ ತಂತ್ರಾಂಶದಲ್ಲಿ ತೆಗೆದ ಮೂರು ಚಿತ್ರಗಳಿವೆ: ಕೋ-ಆಥರ್‌ಶಿಪ್ (ಒಟ್ಟಿಗೆ ಬರೆದವರ ನಂಟು), ಕೋ-ಸೈಟೇಶನ್, ಬಿಬ್ಲಿಯೊಗ್ರಾಫಿಕ್ ಕಪ್ಲಿಂಗ್. ಕೆಳಗೆ ಎಚ್-ಇಂಡೆಕ್ಸ್, ಅಂದರೆ ಸೈಟೇಶನ್ ಎಣಿಸಿ ವಿಜ್ಞಾನಿಗೆ ಕೊಡುವ ಅಂಕ. ‘ಉಲ್ಲೇಖ’ ಅಂದರೆ ಆಫೀಸಿನ ಪತ್ರದಲ್ಲಿ ‘ವಿಷಯ’ದ ಕೆಳಗೆ ಬರುವ ಸಾಲು ನೆನಪಾಗುತ್ತದೆ. ರೆಫರೆನ್ಸಿಗೂ (ಪ್ರಬಂಧ ತಾನು ಹೆಸರಿಸುವ ಮೂಲ) ಅದೇ ಪದ, ಸೈಟೇಶನ್ನಿಗೂ ಅದೇ ಆದರೆ ಓದುವವರಿಗೆ ದಿಕ್ಕು ತಿಳಿಯುವುದಿಲ್ಲ. ನಾಳೆ ಮಧ್ಯಾಹ್ನದೊಳಗೆ ಫೈಲ್ ಕೊಡಬೇಕು.

ಕೊಪ್ಪಳದಿಂದ:

‘ಉಲ್ಲೇಖ’ ಸಾಕು. ದಿಕ್ಕನ್ನು ಕ್ರಿಯಾಪದ ಹೇಳುತ್ತದೆ. ಕೊಟ್ಟ ಉಲ್ಲೇಖ ರೆಫರೆನ್ಸು, ಪಡೆದ ಉಲ್ಲೇಖ ಸೈಟೇಶನ್ನು. ಉತ್ ಮತ್ತು ಲೇಖ ಸೇರಿ ಆದ ಪದ, ಗೀಚಿ ಎತ್ತಿ ತೋರಿಸಿದ್ದು ಎಂದು. ಉಲ್ಲೇಖಾಲಂಕಾರವನ್ನೂ ನೆನೆಯಿರಿ: ಒಂದೇ ವಸ್ತುವನ್ನು ಹಲವರು ಹಲವು ಬಗೆಯಲ್ಲಿ ಕಾಣುವುದು. ಒಂದೇ ಪ್ರಬಂಧವನ್ನು ಹಲವರು ತಮತಮಗೆ ಬೇಕಾದ ಕಾರಣಕ್ಕೆ ಎತ್ತಿಕೊಳ್ಳುವುದಕ್ಕೆ ಇದಕ್ಕಿಂತ ಒಪ್ಪುವ ಪದ ಸಿಗದು.

ಕೋ-ಸೈಟೇಶನ್ನಿಗೆ ‘ಸಹೋಲ್ಲೇಖ’. ನಡುವೆ ಗೆರೆ ಹಾಕಬೇಡಿ, ಸಂಧಿ ಇದೆ. ‘ಗ್ರಂಥ ಜೋಡಣೆ’ ಅಂತ ಕಪ್ಲಿಂಗಿಗೆ ಬರೆದೀರಿ, ಅದು ಬೈಂಡಿಂಗ್ ಕೆಲಸ. ಅದಕ್ಕೆ ‘ಸಮಾನಾಕರ ಸಂಬಂಧ’. ಆಕರ ಅಂದರೆ ಗಣಿ, ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡರ ವ್ಯತ್ಯಾಸ ಮಾತ್ರ ಬರೆದೇ ತೀರಬೇಕು. ಎರಡು ಪ್ರಬಂಧಗಳನ್ನು ಮೂರನೆಯದೊಂದು ಒಟ್ಟಿಗೆ ಹೆಸರಿಸಿದರೆ ಸಹೋಲ್ಲೇಖ (ಸ್ಮಾಲ್, 1973). ಎರಡು ಪ್ರಬಂಧಗಳು ಒಂದೇ ಹಳೆಯ ಪ್ರಬಂಧವನ್ನು ಹೆಸರಿಸಿದರೆ ಸಮಾನಾಕರ (ಕೆಸ್ಲರ್, 1963). ಮೊದಲನೆಯದು ವರ್ಷವರ್ಷಕ್ಕೆ ಬೆಳೆಯುತ್ತದೆ. ಎರಡನೆಯದು ಅಚ್ಚಾದ ದಿನಕ್ಕೇ ನಿಂತುಬಿಡುತ್ತದೆ, ಉಲ್ಲೇಖಪಟ್ಟಿ ಮತ್ತೆ ಬದಲಾಗುವುದಿಲ್ಲವಲ್ಲ. ‘ಉಲ್ಲೇಖಬಲೆ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ.

ರಾಯಚೂರಿನಿಂದ:

ಉಲ್ಲೇಖ ಬ್ಯಾಡ್ರಿ. ಉರ್ದುದಾಗ ಸೈಟೇಶನ್ನಿಗೆ ‘ಹವಾಲಾ’ ಅಂತಾರ. ಅರಬ್ಬಿ ಮೂಲದಾಗ ಒಂದು ಕಡಿಂದ ಇನ್ನೊಂದು ಕಡಿಗೆ ದಾಟಿಸೋದು ಅಂತ ಅರ್ಥ. ನಮ್ಮ ಕಡೆ ‘ಹವಾಲೆ ಮಾಡು’ ಅಂದ್ರ ಒಪ್ಪಿಸು ಅಂತ, ಹವಾಲ್ದಾರನೂ ಅದೇ ಮನಿಯವ. ಸೈಟೇಶನ್ ಮಾಡೋದೂ ಅದನ್ನ, ಓದುಗನ್ನ ಮೂಲಕ್ಕ ಹವಾಲೆ ಮಾಡೋದು. 1948ರ ತನಕ ರಾಯಚೂರು, ಕೊಪ್ಪಳ ಎರಡೂ ನಿಜಾಮರ ರಾಜ್ಯದಾಗ ಇದ್ದವು. ದಫ್ತರ, ನಕಾಶೆ ನಮಗ ಪರಕೀಯ ಅಲ್ಲ. ನೀವು ಬರೆಯೋ ‘ನಕ್ಷೆ’ ಎಲ್ಲಿಂದ ಬಂತು ಹೇಳ್ರಿ?

ಕೊಪ್ಪಳದಿಂದ:

ನಕ್ಷೆ ಕನ್ನಡವಾಗಿ ಹೋಗಿದೆ. ವಿಜ್ಞಾನಿಯ ಫೋಟೊ ಪಕ್ಕ ‘ಹವಾಲಾ’ ಎಂದು ಬರೆದರೆ ಓದುವವರಿಗೆ ಕಪ್ಪುಹಣ ಹೊಳೆಯುತ್ತದೆ. ಮೂಲ ಎಷ್ಟೇ ಚಂದವಿರಲಿ, ನಡೆಯುವುದು ಇವತ್ತಿನ ಅರ್ಥ. ಆಗದು.

ಸಿಂಧನೂರಿನಿಂದ:

ಸಂಸ್ಕೃತವೂ ಬೇಡ, ಉರ್ದುವೂ ಬೇಡ. ಎತ್ತಿ ಹೇಳುವುದು ‘ಎತ್ತುಗೆ’. ನೆಟ್‌ವರ್ಕಿಗೆ ಬಲೆ, ನೋಡ್‌ಗೆ ಗಂಟು, ಲಿಂಕಿಗೆ ಎಳೆ. ಕವಿರಾಜಮಾರ್ಗ ತಿರುಳ್ಗನ್ನಡದ ನೆಲೆಗಳಲ್ಲಿ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸಿದೆ. ಆ ನೆಲದವರು ‘ಸಮಾನಾಕರ’ ಎಂದು ಬರೆಯುವುದು ಸರಿಯಲ್ಲ.

ಕೊಪ್ಪಳದಿಂದ:

ಅದೇ ಕವಿರಾಜಮಾರ್ಗ ಸಂಸ್ಕೃತವನ್ನು ಬೆರೆಸುವ ಬಗೆಯನ್ನೂ ಕಲಿಸುತ್ತದೆ. ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತಾಗುವ ಬೆರಕೆಯನ್ನಷ್ಟೇ ಬೇಡವೆನ್ನುತ್ತದೆ. ಗಂಟು, ಎಳೆ ಒಪ್ಪಿದೆ. ‘ಎತ್ತುಗೆ’ ಓದಿ ಎಷ್ಟು ಜನಕ್ಕೆ ಅರ್ಥವಾದೀತು?

ರಾಯಚೂರಿನಿಂದ, ಇನ್ನೊಬ್ಬರು:

ಪದಕ್ಕಿಂತ ಮೊದಲು ಚಿತ್ರ ನೋಡಿಕೊಳ್ಳಿ ಸರ್. ನಮ್ಮ ಹೆಸರುಗಳಲ್ಲಿ ಊರಿನ ಇನಿಶಿಯಲ್ ಒಂದು ಪ್ರಬಂಧದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ. ಒಬ್ಬರೇ ಮೂರು ಗಂಟಾಗಿ ಬಿಡಿಬಿಡಿಯಾಗಿ ಕೂರುತ್ತಾರೆ. ಥೆಸಾರಸ್ ಫೈಲ್ ಮಾಡಿ: ಒಂದು ಕಾಲಮ್ಮಿನಲ್ಲಿ ಸಿಕ್ಕ ಹೆಸರು, ಇನ್ನೊಂದರಲ್ಲಿ ಅದರ ಬದಲಿಗೆ ಬರಬೇಕಾದದ್ದು. ಎಣಿಕೆಯ ಬಗೆಯನ್ನೂ ಬರೆಯಿರಿ. ಐವರು ಬರೆದ ಪ್ರಬಂಧದಿಂದ, ಇಬ್ಬಿಬ್ಬರ ನಡುವೆ ಒಂದರಂತೆ, 10 ಎಳೆ ಹುಟ್ಟುತ್ತವೆ. ಪೂರ್ಣ ಎಣಿಕೆಯಲ್ಲಿ ಪ್ರತಿ ಎಳೆಯ ತೂಕ 1, ಪಾಲು ಎಣಿಕೆಯಲ್ಲಿ ಕಾಲು (1/4), ಪ್ರತಿಯೊಬ್ಬರಿಗೂ ಜೊತೆಗಾರರು ನಾಲ್ವರಾದ್ದರಿಂದ. ದೊಡ್ಡ ತಂಡದ ಪ್ರಬಂಧಗಳು ಹೆಚ್ಚಿದ್ದರೆ ಪೂರ್ಣ ಎಣಿಕೆ ಚಿತ್ರವನ್ನೇ ನುಂಗಿಬಿಡುತ್ತದೆ.

‘ಪ್ರಭಾವಾಂಕ’ವನ್ನು ವ್ಯಕ್ತಿಯ ಹೆಸರಿನ ಕೆಳಗೆ ಹಾಕಲೇಬೇಡಿ. ಇಂಪ್ಯಾಕ್ಟ್ ಫ್ಯಾಕ್ಟರ್ ಪತ್ರಿಕೆಯ ಅಂಕ: ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. ವ್ಯಕ್ತಿಗೆ ಎಚ್-ಸೂಚ್ಯಂಕ, ಹಿರ್ಶ್ 2005ರಲ್ಲಿ ಕೊಟ್ಟದ್ದು. ಎಚ್ ಅಕ್ಷರವನ್ನು ಕನ್ನಡಿಸಬೇಡಿ. ಉದಾಹರಣೆ ಕೊಟ್ಟರೆ ಸಾಕು: ಆರು ಪ್ರಬಂಧಗಳಿಗೆ 22, 15, 9, 6, 5, 2 ಉಲ್ಲೇಖ ಬಂದಿದ್ದರೆ ಸೂಚ್ಯಂಕ 5. ಐದಕ್ಕೆ ತಲಾ ಐದಾದರೂ ಇವೆ, ಆರನೆಯದಕ್ಕೆ ಆರು ಇಲ್ಲ.

ಬಳ್ಳಾರಿಯಿಂದ:

ಎಲ್ಲರಿಗೂ ಕೃತಜ್ಞ. ಹೀಗೆ ಇಟ್ಟಿದ್ದೇನೆ: ‘ಪಡೆದ ಉಲ್ಲೇಖಗಳು’, ‘ಸಹಲೇಖಕರ ಜಾಲ’, ‘ಸಹೋಲ್ಲೇಖ’, ‘ಸಮಾನಾಕರ ಸಂಬಂಧ’, ಕೊನೆಯ ಎರಡರ ಕೆಳಗೆ ಒಂದೊಂದು ಸಾಲಿನ ವಿವರಣೆ. ಚಿತ್ರದೊಳಗೆ ಗಂಟು, ಎಳೆ. ಪಾಲು ಎಣಿಕೆಯಲ್ಲಿ ಮತ್ತೆ ತೆಗೆದೆ, ನಡುವಿನ ದೊಡ್ಡ ಗುಂಪು ಕುಗ್ಗಿತು. ಫ್ಲೆಕ್ಸಿನ ಅಡಿಗೆ ಒಂದು ಸಾಲು ಸೇರಿಸಿದ್ದೇನೆ: ‘ಸ್ಕೋಪಸ್ ಎಂಬ ಪ್ರಬಂಧಸೂಚಿಯಲ್ಲಿ ದೊರೆತ ಪ್ರಬಂಧಗಳು ಮಾತ್ರ. ರೈತರಿಗಾಗಿ ಇವರು ಕನ್ನಡದಲ್ಲಿ ಬರೆದ ಲೇಖನಗಳು ಈ ನಕ್ಷೆಯಲ್ಲಿಲ್ಲ.’