ಮಿಯಾಗಾವ್: ಅದು ನಮ್ಮ ಪಂಚಾಯತಿನಂತೆಯೋ, ನಗರಸಭೆಯಂತೆಯೋ?

ಮಂಜೇಶ್ವರದ ಓದುಗ:
ನನ್ನ ಮಗ ದುಡಿಯುವ ಸರಕು ಹಡಗಿನಲ್ಲಿ ಅವನ ಜೊತೆಗಾರನೊಬ್ಬ ಫಿಲಿಪ್ಪೀನ್ಸಿನ ಪನಾಯ್ ದ್ವೀಪದಲ್ಲಿರುವ ಮಿಯಾಗಾವ್ ಎಂಬ ಕಡಲತೀರದ ಊರಿನವನು. ರಜೆಯಲ್ಲಿ ಬಂದ ಮಗ ಅಲ್ಲಿನ ಇಗರ್ಜಿಯ ಚಿತ್ರ ತೋರಿಸಿದಾಗ, ಅದರ ದಪ್ಪ ಗೋಡೆಗಳನ್ನೂ ಬುರುಜಿನಂತಹ ಗೋಪುರಗಳನ್ನೂ ಕಂಡು ನನಗೆ ಬೇಕಲ ಕೋಟೆಯೇ ನೆನಪಾಯಿತು. ಆರಾಧನೆಯ ಸ್ಥಳಕ್ಕೆ ಕೋಟೆಯ ರೂಪ ಬಂದದ್ದೇಕೆ? ಆ ಊರನ್ನು ‘ಮುನಿಸಿಪಾಲಿಟಿ’ ಎನ್ನುತ್ತಾರೆ, ಆದರೆ ಚಿತ್ರಗಳಲ್ಲಿ ಕಾಣುವುದು ಗದ್ದೆ ಮತ್ತು ತೆಂಗು. ಬಲ್ಲವರು ತಿಳಿಸಬೇಕು.

ಕುಂಬಳೆಯ ಇತಿಹಾಸಾಸಕ್ತ:
ತಮ್ಮ ಊಹೆ ಸರಿಯಾಗಿದೆ. 1731ರಲ್ಲಿ ಪ್ರತ್ಯೇಕ ಧರ್ಮಕೇಂದ್ರವಾಗುವವರೆಗೆ ಮಿಯಾಗಾವ್ ನೆರೆಯೂರುಗಳ ಅಧೀನದಲ್ಲಿತ್ತು. ಆಗ ಅಲ್ಲಿ ಆಳುತ್ತಿದ್ದ ಸ್ಪೇನಿನವರು ‘ಮೋರೋ’ಗಳೆಂದು ಕರೆಯುತ್ತಿದ್ದ ದಕ್ಷಿಣದ ಮುಸ್ಲಿಂ ನಾವಿಕರ ದಾಳಿಗೆ 1741 ಮತ್ತು 1754ರಲ್ಲಿ ಮೊದಲಿನ ಎರಡು ಇಗರ್ಜಿಗಳು ನಾಶವಾದುದರಿಂದ, ಎತ್ತರದ ಜಾಗದಲ್ಲಿ 1787ರಿಂದ 1797ರವರೆಗೆ ಈಗಿನದನ್ನು ಕಾವಲು ಕೋಟೆಯಾಗಿಯೂ ಉಪಯೋಗಕ್ಕೆ ಬರುವಂತೆ ಕಟ್ಟಿದರು. ನಮ್ಮವರಿಗೆ ಮೆಚ್ಚುಗೆಯಾಗುವುದು ಅದರ ಮುಖಭಿತ್ತಿಯೇ: ಬಾಲಯೇಸುವನ್ನು ಹೊತ್ತ ಸಂತ ಕ್ರಿಸ್ಟೋಫರ್ ಸ್ಥಳೀಯ ಉಡುಪಿನಲ್ಲಿ ತೆಂಗಿನ ಮರವನ್ನು ಹಿಡಿದು ನಿಂತಿದ್ದಾನೆ, ಸುತ್ತ ಪಪ್ಪಾಯಿ, ಪೇರಳೆ ಗಿಡಗಳಿವೆ. ಯುರೋಪಿನ ಬರೋಕ್ ಎಂಬ ಅಲಂಕಾರ ತುಂಬಿದ ಕಟ್ಟಡಶೈಲಿಯೊಳಗೆ ಊರಿನ ಹಿತ್ತಿಲೇ ಬಂದು ಕೂತಿದೆ! 1993ರಲ್ಲಿ ಇನ್ನೂ ಮೂರು ಇಗರ್ಜಿಗಳೊಡನೆ ಇದು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಹೊಸದುರ್ಗದ ನಿವೃತ್ತ ಪಂಚಾಯತ್ ನೌಕರ:
ಹೆಸರು ಕೇಳಿ ಮೋಸಹೋಗಬಾರದು. ಅಲ್ಲಿನ ಮುನಿಸಿಪಾಲಿಟಿ ಎಂದರೆ ಪೇಟೆಯನ್ನೂ ಸುತ್ತಲಿನ ಹಳ್ಳಿಗಳನ್ನೂ ಒಟ್ಟಿಗೆ ಆಳುವ ಘಟಕ. ಮಿಯಾಗಾವ್ ಒಂದರಲ್ಲೇ 119 ಬರಂಗಾಯ್‌ಗಳಿವೆ. ಬರಂಗಾಯ್ ಅತ್ಯಂತ ಕೆಳಹಂತದ ಆಡಳಿತ. ಆ ಹೆಸರು ‘ಬಲಂಗಾಯ್’ ಎಂಬ ದೋಣಿಯಿಂದ ಬಂದದ್ದೆನ್ನುತ್ತಾರೆ. ನಮ್ಮಲ್ಲಿ ಪಂಚಾಯತ್ ಅಧ್ಯಕ್ಷರನ್ನು ಸದಸ್ಯರು ತಮ್ಮೊಳಗಿಂದ ಆರಿಸುತ್ತಾರೆ. ಅಲ್ಲಿ ಮೇಯರನ್ನು ಮತದಾರರೇ ಮೂರು ವರ್ಷಕ್ಕೆ ನೇರವಾಗಿ ಆರಿಸುತ್ತಾರೆ, ಮತ್ತು ಒಬ್ಬರು ಸತತವಾಗಿ ಮೂರು ಅವಧಿಗಿಂತ ಹೆಚ್ಚು ಆ ಹುದ್ದೆಯಲ್ಲಿರುವಂತಿಲ್ಲ. ಉಪಮೇಯರು ‘ಸಾಂಗುನಿಯಾಂಗ್ ಬಾಯಾನ್’ ಎಂಬ ಊರಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಇದೆಲ್ಲ 1991ರ ಸ್ಥಳೀಯ ಆಡಳಿತ ಕಾಯಿದೆಯ ವ್ಯವಸ್ಥೆ. ಅದರಲ್ಲಿ ನನಗೆ ಹಿಡಿಸಿದ್ದು, ಒಂದೇ ಊರಿನ ನಿವಾಸಿಗಳ ಸಣ್ಣ ತಕರಾರುಗಳು ಕೋರ್ಟಿಗೆ ಹೋಗುವ ಮುನ್ನ ಬರಂಗಾಯ್‌ನ ಸಂಧಾನ ಸಮಿತಿಯ ಮುಂದೆ ಬರಬೇಕು, ಮತ್ತು ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ ಎಂಬ ನಿಯಮ.

ಮಂಜೇಶ್ವರದ ಓದುಗ:
ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂಶಯವಿದೆ. ಮಗನ ಸ್ನೇಹಿತ ‘ನಮ್ಮ ಊರಿನ ಸಮುದ್ರ’ ಎಂದು ಪದೇ ಪದೇ ಹೇಳುತ್ತಾನಂತೆ. ಊರಿಗೆ ಸಮುದ್ರದ ಮೇಲೆ ಹಕ್ಕಿರುವುದು ಸಾಧ್ಯವೇ?

ಹೊಸದುರ್ಗದ ನಿವೃತ್ತ ಪಂಚಾಯತ್ ನೌಕರ:
ಸಾಧ್ಯ, ಮಾಷ್ಟ್ರೇ. ಅಲ್ಲಿನ 1998ರ ಮೀನುಗಾರಿಕೆ ಸಂಹಿತೆಯ ಪ್ರಕಾರ ದಡದಿಂದ 15 ಕಿಲೋಮೀಟರ್‌ವರೆಗಿನ ನೀರು ಆಯಾ ಮುನಿಸಿಪಾಲಿಟಿಗೆ ಸೇರಿದ್ದು. ಅಲ್ಲಿ ಮೀನು ಹಿಡಿಯಲು ಮೊದಲ ಹಕ್ಕು ಸಣ್ಣ ದೋಣಿಗಳವರದು. ವಾಣಿಜ್ಯ ಬೋಟುಗಳಿಗೆ 10.1 ಕಿಲೋಮೀಟರ್ ಆಚೆಗೆ ಅವಕಾಶ ಕೊಡಬೇಕಾದರೂ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ನಮ್ಮ ಕಡಲಿನ ಮೀನುಗಾರಿಕೆ 1980ರ ಕೇರಳ ಕಾಯಿದೆಯ ಮೂಲಕ ರಾಜ್ಯ ಸರಕಾರದ ಕೈಯಲ್ಲಿದೆ. ಟ್ರಾಲ್ ಬೋಟು ದಡದ ಹತ್ತಿರ ಬಂತೆಂದು ಮೀನುಗಾರರು ದೂರಿಕೊಂಡು ಕಚೇರಿಗೆ ಬಂದಾಗಲೆಲ್ಲ, ಅರ್ಜಿಯನ್ನು ಮೇಲಿನವರಿಗೆ ರವಾನಿಸುವುದಷ್ಟೇ ನನ್ನ ಕೆಲಸವಾಗಿತ್ತು.